ಪಕ್ಕದ್ಮನೆಯವನ ಕಿವಿ

"ಯಾವ ಫ್ಯಾಕ್ಟರಿಯಲ್ಲಿ ಕೆಲಸ ನಿಮ್ಮದು?" ಅಂತ ಕೇಳಿದಳು ಅವಳು.

ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಹೆಡ್‌ಫೋನ್ ತೆಗೆದು ಕೂತಿದ್ದವನು ಹುಬ್ಬೇರಿಸಿದ. "ಫ್ಯಾಕ್ಟರಿ ಅಂತ ಯಾರು ಹೇಳಿದ್ದು?"

"ನಿಮ್ಮ ಕಿವಿ ಹೇಳ್ತಿದೆ." ಅವಳು ಪರದೆಯ ಮೇಲಿನ ಗೆರೆಯನ್ನು ಪೆನ್ನಿನ ತುದಿಯಿಂದ ತೋರಿಸಿದಳು. ಅಲ್ಲೀತನಕ ಮಟ್ಟಸವಾಗಿ ಬಂದ ಗೆರೆ ಒಂದು ಜಾಗದಲ್ಲಿ ದಬಕ್ಕನೆ ಕೆಳಗೆ ಬಿದ್ದಿತ್ತು. "ಕೀರಲು ಬೀಪ್ ಬಂದಾಗೆಲ್ಲ ನೀವು ಬೆರಳೇ ಎತ್ತಲಿಲ್ಲ. ದೊಡ್ಡ ಮಷೀನುಗಳ ಪಕ್ಕ ನಿಲ್ಲೋರ ಕಿವಿ ಹೀಗಿರತ್ತೆ. ಹಗಲು ಪಾಳೀನಾ, ರಾತ್ರಿ ಪಾಳೀನಾ?"

"ಹೆಚ್ಚಾಗಿ ರಾತ್ರಿ ಪಾಳಿ," ಅಂದ ಅವನು, ತುಂಬ ಗಂಭೀರವಾಗಿ. ಆದರೆ ಕಣ್ಣು ಮಾತ್ರ ನಗುತ್ತಿತ್ತು. ಆ ನಗು ಯಾಕೆ ಅಂತ ಅವಳಿಗೆ ಹೊಳೆಯಲಿಲ್ಲ. ಟೋಪಿಯ ಅಂಚಿನ ಕೆಳಗಿಂದ ಇಣುಕುತ್ತಿದ್ದ ಆ ಕಣ್ಣುಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನೋಡಿದೆ ಅನ್ನುವುದು ಮಾತ್ರ ಹೊಳೆಯಿತು.

ಅದು ಅವಳ ಸೋದರಮಾವನ ಅಂಗಡಿ. ಮುಂದಿನ ಅರ್ಧದಲ್ಲಿ ಮಾವ ಕಿವಿಯ ಮಷೀನು, ಬ್ಯಾಟರಿ ಮಾರುತ್ತ ಕೂತಿರುತ್ತಿದ್ದರು. ಹಿಂದಿನ ಅರ್ಧ ಅವಳದು. ಪರೀಕ್ಷೆಯ ಕೋಣೆ, ಅಚ್ಚು ತೆಗೆಯುವ ಕುರ್ಚಿ, ಒಂದು ಸಣ್ಣ ಮೇಜು. ದಿನಾ ಹತ್ತಾರು ಕಿವಿ ನೋಡುತ್ತಿದ್ದಳು. ಬಂದವರೆಲ್ಲ ಡಾಕ್ಟ್ರಮ್ಮ ಅನ್ನುತ್ತಿದ್ದರು. ಡಾಕ್ಟರ್ ಅಲ್ಲ ಅಂತ ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿದ್ದುಬಿಟ್ಟಿದ್ದಳು.

ಅವನಿಗೆ ಬೇಕಾಗಿದ್ದದ್ದು ಜೋರು ಸದ್ದು ತಗ್ಗಿಸುವ, ಕಿವಿಗೆ ಸರಿಯಾಗಿ ಕೂರುವ ಪ್ಲಗ್ಗು. ಅದಕ್ಕೆ ಮೊದಲು ಅಚ್ಚು ತೆಗೆಯಬೇಕು. ತಣ್ಣನೆಯ ಗುಲಾಬಿ ಅಂಟನ್ನು ಕಿವಿಯೊಳಗೆ ತುಂಬಿ, ಅದು ಗಟ್ಟಿಯಾಗುವ ತನಕ ಅಲುಗಾಡದೆ ಕೂರಬೇಕು. ಆ ಹೊತ್ತಿನಲ್ಲಿ ಜನ ಹೆದರುತ್ತಾರೆ ಅಂತ ಅವಳು ಏನಾದರೊಂದು ಮಾತಾಡುತ್ತ ಇರುತ್ತಿದ್ದಳು. ಪಾಪ, ಅವರಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ.

"ಪ್ಲಗ್ ಹಾಕ್ಕೊಂಡು ಮ್ಯೂಸಿಕ್ ಕೇಳ್ಬೇಕು ಅಂದ್ರಲ್ಲ, ಎಂಥ ಮ್ಯೂಸಿಕ್ಕು?" ಅಂದಳು, ಎಡಗಿವಿಗೆ ತುಂಬಿ ಬಲಗಡೆಗೆ ಬರುತ್ತ.

"ನೀವೇ ಹೇಳಿ. ನಿಮಗೆ ಎಂಥದು ಇಷ್ಟ?"

ಕೇಳಬಾರದಿತ್ತು. ಅವಳ ಬಾಯಿಗೆ ಬೀಗ ಇರಲಿಲ್ಲ, ಅದರಲ್ಲೂ ಈ ವಿಷಯಕ್ಕೆ. ಕುಣಿಯೋ ಮ್ಯೂಸಿಕ್ಕು, ಎಲೆಕ್ಟ್ರಾನಿಕ್ಕು, ಅಂತ ಶುರು ಮಾಡಿದಳು. ಯಾವ ಟ್ರ್ಯಾಕಿನ ಬೇಸ್ ಕೇಳಿದರೆ ಹೊಟ್ಟೆಯೊಳಗೆ ಲಿಫ್ಟ್ ಇಳಿದಂತಾಗುತ್ತದೆ, ಯಾವ ಜೋಡಿಯ ಲೈವ್ ನೋಡಿ ಎರಡು ದಿನ ಊಟ ಸೇರಿರಲಿಲ್ಲ, ಯಾವ ರೀಮಿಕ್ಸ್ ಮೂಲ ಹಾಡಿನ ಮಾನ ಕಳೆದಿದೆ, ಎಲ್ಲ ಹೇಳಿದಳು. ಹೇಳುತ್ತ ಕೈಯೂ ಕುಣಿಯುತ್ತಿತ್ತು. ಅವನು ಅಲುಗಾಡದೆ ಕೂತು ಆ ಕೈಗಳನ್ನೇ ನೋಡುತ್ತಿದ್ದ.

"ಆದ್ರೆ ಎಲ್ಲಕ್ಕಿಂತ ಮೇಲೆ ಅಂದ್ರೆ ಪಕ್ಕದ್ಮನೆಯವನದು," ಅಂದಳು. "ಹೆಸರು ಕೇಳಿ ನಗಬೇಡಿ, ಸ್ಟೇಜಲ್ಲಿ ಅವನ ಹೆಸರೇ ಅದು. ಬೆನ್ನ ಹಿಂದೆ ಅಷ್ಟು ಲೈಟ್ ಇಟ್ಕೊಂಡಿರ್ತಾನೆ, ಮುಖ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ. ಅವನದೊಂದು ರೀಮಿಕ್ಸ್ ಇದೆ. ಒಬ್ಬಾಕೆಯ ಹಳೇ ಹಾಡು. ಜೋಗುಳದ ಥರ ನಿಧಾನ. ಅವನು ಅದರಲ್ಲಿ ಒಂದು ಪದಾನೂ ತಗೊಂಡಿಲ್ಲ. ಏನು ತಗೊಂಡಿದಾನೆ ಗೊತ್ತಾ? ಹಾಡೋದಕ್ಕೆ ಮುಂಚೆ ಆಕೆ ಎಳೆದುಕೊಳ್ಳೋ ಉಸಿರು. ಅಷ್ಟೇ. ಆ ಒಂದು ಉಸಿರನ್ನ ಕತ್ತರಿಸಿ, ತಿರುಗಿಸಿ, ಒಂದರ ಮೇಲೊಂದು ಪೇರಿಸಿ, ಇಡೀ ಟ್ರ್ಯಾಕನ್ನೇ ಕಟ್ಟಿದಾನೆ. ಮೊದಲ ಸಲ ಕೇಳಿದಾಗ ಬಸ್ಸಲ್ಲಿದ್ದೆ. ಇಳಿಯೋ ಸ್ಟಾಪ್ ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದೆ. ಮನುಷ್ಯರು ಉಸಿರಾಡ್ತಾರೆ ಅನ್ನೋದೇ ದೊಡ್ಡ ಪವಾಡ ಅನ್ನಿಸಿಬಿಟ್ಟಿತ್ತು ರೀ."

ಅಚ್ಚು ಗಟ್ಟಿಯಾಗಿತ್ತು. ಮೆಲ್ಲಗೆ ಎಳೆದು ತೆಗೆದಳು. ಅವನು ಕಿವಿ ಸವರಿಕೊಂಡ. ಕಣ್ಣಿನ ನಗು ಈಗ ಹೋಗಿತ್ತು.

"ಅದು ಉಸಿರು ಅಂತ ಇಲ್ಲೀತನಕ ಒಬ್ಬರಿಗೂ ಗೊತ್ತಾಗಿರ್ಲಿಲ್ಲ," ಅಂದ. "ಎಲ್ಲರೂ ಗಾಳಿ ಶಬ್ದ ಅನ್ಕೊಂಡಿದಾರೆ. ನಾನು ಯಾರಿಗೂ ಹೇಳಿಲ್ಲ."

ನಾನು ಅನ್ನುವ ಆ ಪದ ಅವಳ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಮುಖಕ್ಕೆ ರಕ್ತ ನುಗ್ಗಿತು. ನೆಲ ಬಾಯಿಬಿಟ್ಟಿದ್ದರೆ ಅಚ್ಚಿನ ಸಮೇತ ಒಳಗೆ ಹೋಗಿಬಿಡುತ್ತಿದ್ದಳು.

"ಮಾವಾ," ಅಂತ ಕೂಗಿದಳು, ಬೇರೇನೂ ತೋಚದೆ. "ಒಂದ್ನಿಮಿಷ ಬನ್ನಿ!"

*

ಪ್ಲಗ್ಗು ತಯಾರಾಗಿ ಬಂತು. ಅವನೂ ಬಂದ. ಮತ್ತೆ ಬಂದ. ಎಡಗಡೆ ಸ್ವಲ್ಪ ಒತ್ತುತ್ತೆ ಅಂದ. ಅವಳು ತೀಡಿ ಕೊಟ್ಟಳು. ಈಗ ಸಡಿಲ ಆಯಿತು ಅಂತ ಮತ್ತೆ ಬಂದ.

"ಪುಟ್ಟೀ, ಆ ಹುಡುಗನ ಎಡಗಿವಿಗೆ ನಿನ್ನ ಮೇಲೆ ಭಾರೀ ಅಭಿಮಾನ ಕಣೇ," ಅಂದರು ಮಾವ, ಬ್ಯಾಟರಿ ಜೋಡಿಸುತ್ತ. "ಬಲಗಿವಿಯ ಸರದಿ ಯಾವಾಗ ಅಂತ ಕೇಳಿಡು."

"ಸುಮ್ನಿರಿ ಮಾವ, ಕೇಳಿಸತ್ತೆ."

"ಅವನಿಗೆ ಕೇಳಿಸಿದ್ರೆ ನಮ್ಮ ಅಂಗಡಿಗೆ ಯಾಕೆ ಬರ್ತಿದ್ದ?"

ಕೇಳಿಸುತ್ತಿತ್ತು. ಹೊರಗೆ ನಿಂತವನ ಕಿವಿ ಕೆಂಪಗಾಗಿದ್ದನ್ನು ಅವಳು ಗಾಜಿನಲ್ಲಿ ನೋಡಿದಳು. ಕಿವಿ ನೋಡುವುದೇ ಅವಳ ಕೆಲಸ ತಾನೆ.

ಬಂದಾಗೆಲ್ಲ ಅವನು ಆ ಪುಟ್ಟ ಕೋಣೆಯಲ್ಲಿ ಅವಳನ್ನು ಕೂರಿಸಿ, ಇನ್ನೂ ಯಾರಿಗೂ ಕೇಳಿಸದ ಟ್ರ್ಯಾಕುಗಳನ್ನು ಹಾಕುತ್ತಿದ್ದ. ಹೊರಗಿನ ಒಂದು ಸದ್ದೂ ಒಳಗೆ ಬಾರದ ಕೋಣೆ ಅದು. ಕತ್ತಲಲ್ಲಿ ಒಂದು ಬೀಟು ಹುಟ್ಟಿ, ಎಲ್ಲೋ ದೂರದಲ್ಲಿ ಬಾಗಿಲು ತೆರೆದಂತಾಗಿ, ಅದರೊಳಗಿಂದ ಮತ್ತೊಂದು ಬೀಟು ಬಂದು ಇದರ ಕೈ ಹಿಡಿಯುತ್ತಿತ್ತು. ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಇದನ್ನೆಲ್ಲ ಒಬ್ಬ ಮನುಷ್ಯ, ಟೋಪಿ ಹಾಕಿಕೊಂಡು ಟೀ ಕುಡಿಯುವ ಮನುಷ್ಯ, ಸುಮ್ಮನೆ ಕೂತು ಮಾಡಿದ್ದಾನಲ್ಲ ಅಂತ ಬೆರಗಾಗುತ್ತಿತ್ತು. ಕಣ್ಣು ತೆರೆದರೆ ಅವನು ಗಾಜಿನ ಆಚೆಯಿಂದ ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಪ್ಲಗ್ಗಿನೊಳಗೆ ಒಂದು ಸಣ್ಣ ಗುಂಡಿಯಂಥ ಫಿಲ್ಟರ್ ಇರುತ್ತದೆ. ಹಗುರದ್ದು ಹಾಕಿದರೆ ಸದ್ದು ಸ್ವಲ್ಪ ತಗ್ಗುತ್ತದೆ, ಗಟ್ಟಿಯದು ಹಾಕಿದರೆ ತುಂಬ ತಗ್ಗುತ್ತದೆ. ಅವನು ಹಗುರದ್ದೇ ಬೇಕು ಅಂತ ಹಟ ಹಿಡಿದಿದ್ದ.

"ಕಿವಿಯಲ್ಲಿ ಗುಂಯ್ ಅನ್ನತ್ತಾ?" ಅಂತ ಕೇಳಿದಳು ಒಂದು ದಿನ, ಹುಡುಗಾಟ ಬಿಟ್ಟು.

"ಯಾವಾಗ್ಲೂ. ಶೋ ಆದ ಮಾರನೇ ದಿನ ಕೇಳಲೇಬೇಡಿ."

"ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು ಅಂದ್ರೆ ಗಟ್ಟಿ ಫಿಲ್ಟರ್ ಹಾಕ್ಲೇಬೇಕು. ಹೀಗೇ ಬಿಟ್ರೆ, ಇನ್ನು ಕೆಲವೇ ವರ್ಷ. ಆ ಉಸಿರು ಇದೆಯಲ್ಲ, ನೀವೇ ಕತ್ತರಿಸಿದ್ದು, ಅದು ನಿಮಗೇ ಕೇಳಿಸಲ್ಲ."

ಅವನು ಪ್ಲಗ್ಗನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ಹೇಳಿದ. ಆ ರೀಮಿಕ್ಸ್ ನುಡಿಸುವಾಗ ನಡುವೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾನೆ. ಜನ ಕೂಗಲು ಶುರು ಮಾಡುತ್ತಾರೆ. ಆ ಕೂಗು ಏರುತ್ತ ಏರುತ್ತ ಹೋಗಿ ಇನ್ನೇನು ಒಡೆಯಬೇಕು ಅನ್ನುವಾಗ ಗುಂಡಿ ಒತ್ತಿ ಬೇಸ್ ಹರಿಯಬಿಡುತ್ತಾನೆ. ಇಷ್ಟು ಹೊತ್ತಿಗೆ ಅಂತ ಕಂಪ್ಯೂಟರಿಗೆ ಹೇಳಿಡುವುದಿಲ್ಲ. ಪ್ರತಿ ಸಲವೂ ಕಿವಿಯಿಂದಲೇ.

"ಜನರ ಕೂಗು ಕೇಳಿಸದಿದ್ರೆ ನಾನು ಅಲ್ಲಿ ನಿಂತು ಏನ್ ಮಾಡ್ಲಿ? ಹಗುರದ್ದೇ ಹಾಕಿಕೊಡಿ. ಇಲ್ಲಾಂದ್ರೆ ಪ್ಲಗ್ಗೇ ಬೇಡ."

ಸರಿ ಅಂದಳು. ನದಿಯ ಪಕ್ಕದ ಹಳೇ ಗೋದಾಮಿನ ಅಂಗಳದಲ್ಲಿ ಅವನ ದೊಡ್ಡ ಶೋ ಇತ್ತು. ಅವತ್ತು ಮಧ್ಯಾಹ್ನ ಕೊನೆಯ ಬಾರಿ ತೀಡಿಸಿಕೊಳ್ಳಲು ಬಂದ. ಅವಳು ಬೆನ್ನು ತಿರುಗಿಸಿ ಮೇಜಿನ ಮುಂದೆ ನಿಂತು ಹಗುರದ ಫಿಲ್ಟರ್ ತೆಗೆದು ಗಟ್ಟಿಯದನ್ನು ಕೂರಿಸಿದಳು. ಮಾಡುತ್ತಿರುವುದು ತಪ್ಪು ಅಂತ ಗೊತ್ತಿತ್ತು. ಆದರೆ ಆ ಕಿವಿ ಹಾಳಾಗುವುದನ್ನು ನೋಡುತ್ತ ಕೂರುವುದು ಅವಳ ಕೈಲಾಗುವ ಮಾತಾಗಿರಲಿಲ್ಲ.

*

ಸೂರ್ಯ ಇನ್ನೂ ನದಿಯ ಮೇಲಿದ್ದ, ಸ್ಟೇಜಿನ ಬೆನ್ನಿಗೆ ಸರಿಯಾಗಿ. ಅಂಗಳದ ತುಂಬ ಜನ. ಅವನು ಕೊಟ್ಟ ಪಾಸ್ ಹಿಡಿದು ಅವಳು ಸ್ಟೇಜಿನ ಬುಡದಲ್ಲೇ ನಿಂತಿದ್ದಳು.

ಮೊದಲ ಬೀಟು ಬಂದಾಗ ಕಿವಿಗೆ ಬರಲಿಲ್ಲ, ಕಾಲಿಗೆ ಬಂತು. ನೆಲದಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ. ಪಕ್ಕದಲ್ಲಿದ್ದ ಅಪರಿಚಿತರ ಎದೆಯಲ್ಲೂ ಅದೇ ಹೊತ್ತಿಗೆ ಅದೇ ಬಡಿತ. ಇಷ್ಟು ಜನ ಒಂದೇ ಮೈಯಾಗಿಬಿಡಬಹುದು ಅನ್ನುವುದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೂ ಪ್ರತಿ ಸಲ ಕಣ್ಣಲ್ಲಿ ನೀರು ಬರುತ್ತಿತ್ತು. ಇವತ್ತೂ ಬಂತು.

ಸ್ಟೇಜಿನ ಮೇಲೆ ಅವನು ಸೌಂಡಿನವನ ಕಡೆ ನೋಡಿ ಕೈ ಮೇಲೆತ್ತಿದ. ಜೋರು ಮಾಡು ಅಂತ. ಸೌಂಡಿನವನು ಹೆಬ್ಬೆರಳು ತೋರಿಸಿದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೈ ಎತ್ತಿದ. ಅದು ಗಟ್ಟಿ ಫಿಲ್ಟರಿನ ಕೆಲಸ ಅಂತ ಅವಳಿಗೆ ಹೊಳೆಯಿತು.

ಆಮೇಲೆ ಆ ರೀಮಿಕ್ಸ್ ಬಂತು. ಉಸಿರಿನ ಮೇಲೆ ಉಸಿರು ಏರುತ್ತ, ಬೀಟುಗಳೆಲ್ಲ ಓಡಿ ಓಡಿ ಒಂದು ಅಂಚಿಗೆ ಬಂದು, ತಟ್ಟನೆ ಎಲ್ಲವೂ ನಿಂತಿತು.

ಜನ ಕೂಗಿದರು. ಕೂಗು ಏರಿತು, ಗೋದಾಮಿನ ತಗಡು ನಡುಗುವಷ್ಟು ಏರಿತು. ಈಗ, ಅಂದುಕೊಂಡಳು. ಬೇಸ್ ಬರಲಿಲ್ಲ. ಅವನು ಗುಂಡಿಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ಕಾಯುತ್ತಿದ್ದ. ಕೂಗು ಒಡೆಯಿತು, ಚದುರಿತು, ಇಳಿಯಿತು. ಅವನು ಇನ್ನೂ ಕಾಯುತ್ತಲೇ ಇದ್ದ.

ಅವನಿಗೆ ಕೇಳಿಸುತ್ತಿಲ್ಲ ಅಂತ ಅಷ್ಟು ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಆಗ ಆಗಿದ್ದನ್ನು ಅಲ್ಲಿದ್ದವರು ಇವತ್ತಿಗೂ ಮಾತಾಡುತ್ತಾರೆ. ಕೂಗು ಮುಗಿದ ಮೇಲೆ ಜನರೂ ಸುಮ್ಮನಾದರು. ಇದು ಅವನು ಬೇಕೆಂದೇ ಮಾಡುತ್ತಿರುವುದು ಅಂತ ಎಲ್ಲರೂ ನಂಬಿದರು. ಅಂಗಳಕ್ಕೆ ಅಂಗಳವೇ ಉಸಿರು ಬಿಗಿಹಿಡಿದು ನಿಂತಿತು. ನದಿಯ ನೀರು ಕಲ್ಲಿಗೆ ಬಡಿಯುವುದು ಕೇಳಿಸಿತು. ಯಾರದೋ ಹೆಗಲ ಮೇಲಿದ್ದ ಮಗು ಆಕಳಿಸಿದ್ದೂ ಕೇಳಿಸಿತು. ಸಾವಿರಾರು ಜನ ಒಟ್ಟಿಗೆ ಸುಮ್ಮನಿರುವುದು ಇಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿರಲಿಲ್ಲ.

ಅವನು ತಲೆಯೆತ್ತಿ ಗಾಬರಿಯಿಂದ ಅವಳನ್ನು ಹುಡುಕಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಬೆರಳು ಎತ್ತಿದಳು, ಪರೀಕ್ಷೆಯಲ್ಲಿ ಬೀಪ್ ಕೇಳಿಸಿದವರು ಎತ್ತುವ ಹಾಗೆ.

ಬೇಸ್ ಬಿತ್ತು. ಅಂಗಳ ಮೇಲೆದ್ದಿತು.

*

"ಕೇಳಿಸ್ಲೇ ಇಲ್ಲ," ಅಂದ ಅವನು, ಶೋ ಮುಗಿಸಿ ಹಿಂದಿನ ಮೆಟ್ಟಿಲಿಳಿದು ಬಂದು. ಸುತ್ತ ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಅವನ ಮುಖ ಮಾತ್ರ ಬಿಳಿಚಿತ್ತು. "ನನ್ನ ಕಿವಿ ಹೋಯ್ತು ಅನ್ಕೊಂಡೆ. ಅಲ್ಲೇ, ಎಲ್ಲರ ಮುಂದೆ, ಕಿವುಡ ಆಗ್ಬಿಟ್ಟೆ ಅನ್ಕೊಂಡೆ."

"ಕಿವಿ ಹೋಗಿಲ್ಲ." ಅವಳು ಅವನ ಕಿವಿಯಲ್ಲಿದ್ದ ಪ್ಲಗ್ಗಿನ ಕಡೆ ಕೈ ತೋರಿಸಿದಳು. "ಫಿಲ್ಟರ್ ಬದಲಾಯಿಸಿದ್ದೆ. ಗಟ್ಟಿಯದು ಹಾಕಿದ್ದೆ. ನಿಮ್ಮನ್ನ ಕೇಳದೆ."

ಅವನು ಪ್ಲಗ್ಗು ತೆಗೆದು ಅಂಗೈಯಲ್ಲಿಟ್ಟು ನೋಡಿದ. "ಕೇಳಿದ್ರೆ ಬೇಡ ಅಂತಿದ್ದೆ."

"ಗೊತ್ತು. ಅದಕ್ಕೇ ಕೇಳ್ಲಿಲ್ಲ."

"ಅದಕ್ಕೇ ಕೇಳ್ಬೇಕಿತ್ತು," ಅಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರುತ್ತಿತ್ತು. "ಕಿವಿ ನನ್ನದು. ಹಾಳು ಮಾಡ್ಕೊಳ್ಳೋದೋ ಉಳಿಸ್ಕೊಳ್ಳೋದೋ, ಅದನ್ನ ನಾನು ಹೇಳ್ಬೇಕು. ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತಾ?"

ಹೊರಟುಹೋದ. ಅವಳು ಬಸ್ಸು ಹತ್ತಿದಳು. ಅವತ್ತು ಯಾವ ಹಾಡನ್ನೂ ಹಾಕಿಕೊಳ್ಳಲಿಲ್ಲ.

*

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಟೋಪಿ ಇರಲಿಲ್ಲ.

"ಎಡಗಿವಿನಾ?" ಅಂದರು ಮಾವ. ಅವಳ ಮುಖ ನೋಡಿ, ತಮಾಷೆ ಅಲ್ಲಿಗೇ ಬಿಟ್ಟು, ಮುಂದಿನ ಕೋಣೆಯಲ್ಲಿ ಇಲ್ಲದ ಧೂಳು ಒರೆಸತೊಡಗಿದರು.

ಒಳಗೆ ಬಂದು ಅವನು ಕುರ್ಚಿಯಲ್ಲಿ ಕೂರಲಿಲ್ಲ. "ಸಿಟ್ಟು ಇನ್ನೂ ಇದೆ," ಅಂದ. "ಅದನ್ನ ಮೊದ್ಲು ಹೇಳ್ಬಿಡ್ತೀನಿ."

"ಇರ್ಲಿ. ಇರಬೇಕು."

"ಇನ್ನೊಂದು ಹೇಳ್ಬೇಕು." ಅವನು ಮಾತಿಗೆ ತಡಕಾಡಿದ. "ಶೋ ಆದ ಮಾರನೇ ದಿನ ನಾನು ಏಳೋದೇ ಆ ಗುಂಯ್ ಶಬ್ದಕ್ಕೆ. ತಲೆದಿಂಬಿನ ಕೆಳಗೆ ತಲೆ ಹುದುಗಿಸ್ಕೊಂಡು ಬಿದ್ದಿರ್ತೀನಿ. ಇವತ್ತು ಎದ್ದೆ. ಜೋರಿರ್ಲಿಲ್ಲ. ಎಲ್ಲೋ ದೂರದಲ್ಲಿ, ಅಷ್ಟೇ. ಹೆದ್ರಿಕೆ ಆಯ್ತು ಮೊದ್ಲು. ಆಮೇಲೆ ಅಡುಗೆಮನೇಲಿ ಅಮ್ಮ ನೀರು ಕಾಯಿಸ್ತಿದ್ರು, ಆ ಸದ್ದು ಬಂತು. ಅವರ ಬಳೆ ಸದ್ದು ಬಂತು. ಶೋ ಆದ ಮಾರನೇ ಬೆಳಿಗ್ಗೆ ಅಮ್ಮನ ಬಳೆ ಸದ್ದು ಕೇಳಿ ಎಷ್ಟು ವರ್ಷ ಆಯ್ತೋ. ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ ರೀ, ಚಿಕ್ಕ ಹುಡುಗನ ಹಾಗೆ."

ಅವಳು ಫಿಲ್ಟರುಗಳ ಡಬ್ಬಿಯನ್ನು ಅವನ ಮುಂದೆ ಇಟ್ಟಳು.

"ಗಟ್ಟಿಯದೇ ಹಾಕ್ಕೋತೀನಿ," ಅಂದ. "ನಾನೇ ಹೇಳ್ತಿದೀನಿ, ನೀವು ಹಾಕಿದ್ರಿ ಅಂತಲ್ಲ. ಇನ್ನು ಮೇಲೆ ನನಗೆ ಹೇಳದೆ ಏನೂ ಮಾಡಬಾರದು. ಏನಿದ್ರೂ ಬಾಯಿಬಿಟ್ಟು ಹೇಳ್ಬೇಕು."

"ಏನಿದ್ರೂ?"

"ಏನಿದ್ರೂ."

ಅವಳು ಬಾಗಿಲ ಕಡೆ ನೋಡಿದಳು. ಮಾವ ಅದೇ ಜಾಗವನ್ನು ಇನ್ನೂ ಒರೆಸುತ್ತಿದ್ದರು. ಪರೀಕ್ಷೆಯ ಕೋಣೆಗೆ ಹೋಗಿ ಅವನನ್ನೂ ಕರೆದು ಬಾಗಿಲು ಮುಚ್ಚಿದಳು. ಬೀದಿಯ ಸದ್ದು ನಿಂತಿತು. ಇಬ್ಬರ ಉಸಿರು ಮಾತ್ರ ಉಳಿಯಿತು. ಇಷ್ಟು ವರ್ಷ ಸಾವಿರಾರು ಜನರನ್ನು ಇಲ್ಲಿ ಕೂರಿಸಿದ್ದಾಳೆ, ಈ ಕೋಣೆ ಇಷ್ಟು ಸುಮ್ಮನಿದ್ದದ್ದು ಅವಳಿಗೆ ನೆನಪಿಲ್ಲ.

"ನಂಗೆ ನೀನು ಇಷ್ಟ," ಅಂದಳು. ನೀವು ಅನ್ನುವುದು ಯಾವಾಗ ನೀನು ಆಯಿತೋ ಅವಳಿಗೇ ತಿಳಿಯಲಿಲ್ಲ. ತುಟಿ ಅಲುಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹೇಳಿದ್ದಳು.

ಅವನು ಹತ್ತಿರ ಬಂದ. "ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಅಂದ. "ಅದಕ್ಕೇ."