ಇನ್ನು ನನ್ನನ್ನು ಕರೆಯಬೇಕಾಗಿಲ್ಲ

“ಥಾಂಬಾ... ಅದನ್ನ ಒತ್ತಬ್ಯಾಡ್ರಿ!”

ಮೌಸಿನ ಮೇಲಿದ್ದ ಶ್ರೀವಿದ್ಯಾಳ ಬೆರಳು ಹಾಗೇ ನಿಂತುಬಿಟ್ಟಿತು.

ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಹೌದು ಅಂದರೆ ಎಲ್ಲ ಸರಿಹೋದೀತು ಎಂದುಕೊಂಡಿದ್ದಳು ಅವಳು. ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಯುವಕ, ಹೆಗಲಲ್ಲಿ ಚೀಲ, ಮೆಟ್ಟಿಲು ಓಡಿ ಹತ್ತಿದ ಏದುಸಿರು.

“ಈಗ ಒತ್ತಿದ್ರ ಉಳಿದದ್ದೂ ಕೈಬಿಟ್ಟು ಹೋಗ್ತದ,” ಎಂದ.

ನಾಸಿಕದ ಸಾತಪುರದಲ್ಲಿ ಕನ್ನಡ! ನಾನು ಕನ್ನಡದವಳೆಂದು ಇವನಿಗೆ ಹೇಗೆ ಗೊತ್ತಾಯಿತು? ಕೇಳಿಯೇಬಿಟ್ಟಳು. ‘ದೇವರೇ, ಏನಾತು ಇದಕ್ಕ’ ಅಂತ ನೀವೇ ಗೊಣಗುತ್ತಿದ್ದಿರಲ್ಲ ಎಂದು ಅವನು ನಕ್ಕ.

ಅವನ ಹೆಸರು ಜಯಂತ್. ತಂದೆಯ ಕೇಂದ್ರ ಸರ್ಕಾರಿ ನೌಕರಿಯಿಂದಾಗಿ ಕಲಬುರಗಿಯ ಕುಟುಂಬ ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ, ಬಂದು ನೆಲೆಸಿತ್ತು. ಅಲ್ಲೇ ಬೆಳೆದ ಜಯಂತ್ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅವನ ಕನ್ನಡದಲ್ಲಿ ಅರ್ಧ ಮರಾಠಿ.

ಶ್ರೀವಿದ್ಯಾ ಧಾರವಾಡದವಳು. ಅಪ್ಪ ರಘೋತ್ತಮ ಅವರಿಗೆ ಬ್ಯಾಂಕಿನಲ್ಲಿ ನಾಸಿಕಕ್ಕೆ ವರ್ಗವಾದ ಮೇಲೆ ಅವಳೂ ಇಲ್ಲಿ ಕೆಲಸ ಹುಡುಕಿಕೊಂಡಿದ್ದಳು. ಪರದೇಶಕ್ಕೆ ಹೊರಟ ದ್ರಾಕ್ಷಿಯಲ್ಲಿ ಸಿಂಪಡಿಸಿದ ಕೀಟನಾಶಕದ ಅಂಶ ಎಷ್ಟು ಉಳಿದಿದೆ ಎಂದು ಪರೀಕ್ಷಿಸುವ ಲ್ಯಾಬು ಅದು. ೨೦೧೨ರ ಫೆಬ್ರುವರಿ, ಹಂಗಾಮಿನ ಭರಾಟೆ. ಲ್ಯಾಬಿನ ವರದಿ ಇಲ್ಲದೆ ಹಣ್ಣು ಬಂದರಿಗೆ ಹೊರಡುವಂತಿರಲಿಲ್ಲ. ಅಂಥ ಹೊತ್ತಿನಲ್ಲೇ ಪರೀಕ್ಷಾ ಯಂತ್ರವನ್ನು ನಡೆಸುವ ಕಂಪ್ಯೂಟರಿನ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡತೊಡಗಿತ್ತು. ಯಂತ್ರದ ಜೊತೆ ಬಂದ ಸಿಡಿ ಯಾವಾಗಲೋ ಕಳೆದುಹೋಗಿತ್ತು. ಡಿಸ್ಕ್ ಸತ್ತರೆ ಯಂತ್ರವೂ ಸತ್ತಂತೆಯೇ.

ಲ್ಯಾಬಿನ ಮಾಲೀಕ ಪಿಂಗಳೆ ಸಾಹೇಬರು ಪರಿಚಯದವರ ಮಾತು ಕೇಳಿ ಜಯಂತನನ್ನು ಔರಂಗಾಬಾದಿನಿಂದ ಕರೆಸಿದ್ದರು; ಜೊತೆಗೆ ಯಾರಿಂದಲೋ ಬ್ಯಾಕಪ್ ಮಾಡುವ ದುಬಾರಿ ಸಾಫ್ಟ್‌ವೇರಿನ ಕದ್ದ ಪ್ರತಿ ತಂದಿಟ್ಟಿದ್ದರು. ಜಯಂತ್ ಅದನ್ನು ಪಕ್ಕಕ್ಕೆ ಸರಿಸಿದ. ಅದರಲ್ಲಿ ತೆಗೆದ ಪ್ರತಿ ನಾಳೆ ತೆರೆಯದೇ ಹೋದರೆ ಯಾರನ್ನು ಕೇಳುತ್ತೀರಿ ಎಂದ. ತನ್ನ ಚೀಲದಿಂದ ಒಂದು ಸಿಡಿ ತೆಗೆದ. ಡಿಡಿರೆಸ್ಕ್ಯೂ ಅಂತ, ಯಾರು ಬೇಕಾದರೂ ಬಳಸಬಹುದು, ಬಿಟ್ಟಿ. ಕೆಟ್ಟ ಜಾಗ ಸಿಕ್ಕರೆ ಇದು ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಮೊದಲು ಓದಲು ಬರುವುದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿಕೊಂಡು, ಆಮೇಲೆ ಕೆಟ್ಟದ್ದರ ಹತ್ತಿರ ಮೆಲ್ಲಗೆ ಮರಳುತ್ತದೆ.

“ರೋಗಿ ಭಾಳ ಸುಸ್ತಾಗ್ಯಾನ್ರಿ. ಒಮ್ಮೆಲೇ ಎಲ್ಲಾ ಕೇಳಬಾರದು,” ಎಂದ.

ಅಂಥ ಆತಂಕದಲ್ಲೂ ಅವಳಿಗೆ ನಗು ಬಂತು.

ಸಂಜೆಯ ಹೊತ್ತಿಗೆ ಹೊಸ ಡಿಸ್ಕಿನಿಂದ ಯಂತ್ರ ಎದ್ದಿತು. ಶ್ರೀವಿದ್ಯಾಳ ಕಣ್ಣು ತುಂಬಿ ಬಂತು. ಜಯಂತ್ ನೋಡಿಯೂ ನೋಡದವನಂತೆ ವೈರು ಸುತ್ತುತ್ತಾ ನಿಂತ. ಅದು ಅವಳಿಗೆ ಹಿಡಿಸಿತು.

ಇನ್ನು ಮುಂದೆ ಹೀಗಾಗದಂತೆ ಒಂದು ವ್ಯವಸ್ಥೆ ಮಾಡಿಕೊಡಲು ಪಿಂಗಳೆ ಸಾಹೇಬರು ಅವನಿಗೇ ಹೇಳಿದರು. ಅವನು ಶನಿವಾರಗಳಂದು ಬರತೊಡಗಿದ. ಪುಕ್ಕಟೆ ಸಿಗುವ ಒಂದೊಂದೇ ಸಾಫ್ಟ್‌ವೇರನ್ನು ಇಬ್ಬರೂ ಕೂತು ಪರೀಕ್ಷಿಸಿದರು. ಒಂದು, ಮನೆ ಬಳಕೆಗೆ ಮಾತ್ರ ಪುಕ್ಕಟೆ. ಇನ್ನೊಂದರಲ್ಲಿ ತೆಗೆದಿಟ್ಟ ಪ್ರತಿಯನ್ನು ಅದನ್ನು ತಯಾರಿಸಿದ ಕಂಪನಿಯ ಹೊರತು ಬೇರಾರೂ ತೆರೆಯುವಂತಿರಲಿಲ್ಲ. ಕೊನೆಗೆ ಉಳಿದದ್ದು ಕ್ಲೋನೆಜಿಲ್ಲಾ. ನೋಡಲು ಚೆಂದವಿಲ್ಲ, ಬರೀ ಕಪ್ಪು-ನೀಲಿ ಪರದೆ. ಆದರೆ ಅದರ ಒಳಗುಟ್ಟು ಲೋಕಕ್ಕೆಲ್ಲ ತೆರೆದಿತ್ತು. ಕಂಪನಿ ಮುಚ್ಚಿದರೂ, ತಾನೇ ಇಲ್ಲದಿದ್ದರೂ ಇದು ನಿಮ್ಮ ಕೈಯಲ್ಲಿರುತ್ತದೆ ಎಂದು ಜಯಂತ್ ಹೇಳಿದ.

‘ತಾನೇ ಇಲ್ಲದಿದ್ದರೂ’ ಎಂಬ ಮಾತು ಯಾಕೋ ಅವಳಿಗೆ ರುಚಿಸಲಿಲ್ಲ.

ಅಷ್ಟರಲ್ಲಾಗಲೇ ಶನಿವಾರ ಬಂತೆಂದರೆ ಅವಳ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿರುತ್ತಿದ್ದವು. ಅವನ ಕನ್ನಡವನ್ನು ಅವಳು ತಿದ್ದುತ್ತಿದ್ದಳು. ಸಂಜೆ ತನ್ನ ಸ್ಕೂಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದಳು. ಬಸ್ಸು ಕಣ್ಮರೆಯಾಗುವ ತನಕ ಯಾಕೆ ನಿಲ್ಲುತ್ತೇನೆ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಗೊತ್ತಿದ್ದೂ ಸುಮ್ಮನಾಗುತ್ತಿದ್ದಳು...

ಏಪ್ರಿಲಿನ ಒಂದು ಶನಿವಾರ ಅವನು ಖಾಲಿ ಡಿಸ್ಕೊಂದನ್ನು ಅವಳ ಮುಂದಿಟ್ಟು ಕೈಕಟ್ಟಿ ಕೂತ. ಇವತ್ತು ತಾನು ಮುಟ್ಟುವುದಿಲ್ಲ, ಬ್ಯಾಕಪ್ಪಿನಿಂದ ಎಲ್ಲವನ್ನೂ ನೀವೇ ಮರಳಿ ತರಬೇಕು ಎಂದ. ಮರಳಿ ತಂದು ನೋಡದ ಬ್ಯಾಕಪ್ಪನ್ನು ನಂಬಬಾರದಂತೆ. ಅವಳು ಒಂದೂ ಪ್ರಶ್ನೆ ಕೇಳದೆ ಮಾಡಿ ಮುಗಿಸಿದಳು. ಯಂತ್ರ ಗುಂಯ್ ಎಂದು ಎದ್ದಾಗ ಹಿಗ್ಗಿನಿಂದ ಅವನತ್ತ ತಿರುಗಿದಳು.

“ಭಾಳ ಛಲೋ ಆತು,” ಎಂದ ಜಯಂತ್. “ಇನ್ನ ಮ್ಯಾಲೆ ನನ್ನ ಕರಿಯೋ ಗರಜಿಲ್ಲ.”

ಅವಳ ಮುಖ ಸಣ್ಣದಾಯಿತು.

ಸೋಮವಾರ ಪಿಂಗಳೆ ಸಾಹೇಬರು ಇನ್ನೊಂದು ಸುದ್ದಿ ಹೇಳಿದರು. ವರ್ಷವಿಡೀ ಬಂದು ಹೋಗುವ ಕರಾರು ಮಾಡಿಕೊಳ್ಳೋಣ ಎಂದರೆ ಹುಡುಗ ಬೇಡವೇ ಬೇಡ ಎಂದನಂತೆ. ‘ಕೆಲಸ ಮುಗಿಯಿತು, ಕೈ ತೊಳೆದುಕೊಂಡ. ನಾನೇ ಏನೇನೋ ತಿಳಿದುಕೊಂಡೆ...’ ಅಂದು ಶ್ರೀವಿದ್ಯಾ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ.

ಅವನು ಎರಡು ಸಲ ಫೋನ್ ಮಾಡಿದ. ಯಂತ್ರ ಚೆನ್ನಾಗಿದೆ ಎಂದು ಹೇಳಿ ಅವಳು ಇಟ್ಟುಬಿಟ್ಟಳು. ಮತ್ತೆ ಫೋನ್ ಬರಲಿಲ್ಲ.

ಮಳೆಗಾಲ ಕಳೆಯಿತು. ಔರಂಗಾಬಾದಿನ ಹೊರಗೆ ವಾಳೂಜಿನಲ್ಲಿ ಲ್ಯಾಬಿನ ಹೊಸ ಶಾಖೆ ತೆರೆಯಿತು. ಅಲ್ಲಿಯ ಕಂಪ್ಯೂಟರ್‌ಗಳಿಗೆ ಬ್ಯಾಕಪ್ ವ್ಯವಸ್ಥೆ ಮಾಡಲು ಶ್ರೀವಿದ್ಯಾಳನ್ನೇ ಕಳುಹಿಸಿದರು. ಪ್ರತಿ ಇಳಿಸಲು ಅಲ್ಲಿದ್ದ ಡಿಸ್ಕ್ ಚಿಕ್ಕದಾಯಿತು. ಅವಳು ಗಾಬರಿಯಾಗಲಿಲ್ಲ, ದೊಡ್ಡದೊಂದನ್ನು ತರಿಸಿ ಹಾಕಿದಳು. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಯಿತು. ಯಾರನ್ನೂ ಕೇಳಬೇಕಾಗಿ ಬರಲಿಲ್ಲ.

ಆದರೆ ಒಂದು ಪ್ರಶ್ನೆ ಮಾತ್ರ ಎದೆಯಲ್ಲಿ ಉಳಿದೇ ಇತ್ತು. ಕೇಳದೆ ಬಸ್ಸು ಹತ್ತಿದರೆ ಇನ್ನೆಂದೂ ಕೇಳಲಾರೆ ಅನ್ನಿಸಿತು. ಆಟೋ ಹಿಡಿದು ಊರೊಳಗಿನ ಉಸ್ಮಾನಪುರದ ಅವನ ಅಂಗಡಿಗೆ ಹೋದಳು.

ಬಿಚ್ಚಿಟ್ಟ ಕಂಪ್ಯೂಟರಿನ ಮೇಲೆ ಬಾಗಿದ್ದ ಜಯಂತ್ ತಲೆ ಎತ್ತಿದ. ಸ್ಕ್ರೂಡ್ರೈವರ್ ಕೈಯಲ್ಲೇ ಉಳಿಯಿತು. ಸ್ವಲ್ಪ ಇಳಿದುಹೋಗಿದ್ದ.

“ಮಶೀನ್ ಕೆಟ್ಟದೇನ್ರಿ?”

“ಇಲ್ಲ. ನಿಮ್ಮನ್ನ ಒಂದು ಮಾತು ಕೇಳಬೇಕಾಗಿತ್ತು. ಕರಾರು ಯಾಕ ಬ್ಯಾಡ ಅಂದ್ರಿ? ನಾಸಿಕಕ್ಕ ಬರೋದು ಅಷ್ಟು ಬ್ಯಾಸರಾಗಿತ್ತೇನು?”

 ಜಯಂತ್ ಸಾಮಾನು ತೆಗೆದು ಕುರ್ಚಿಯೊಂದನ್ನು ಅವಳತ್ತ ಸರಿಸಿದ. ತಾನು ನಿಂತೇ ಇದ್ದ.

“ನಿಮಗ ಒಂದು ಮಾತು ಹೇಳೋದಿತ್ರಿ ನಂಗ,” ಎಂದ. “ಕರಾರು ಆದಮ್ಯಾಲೆ ಹೇಳಿದ್ರ ನೀವು ಇಲ್ಲ ಅನ್ನೋದು ಹೆಂಗ? ಮರುದಿನ ಮಶೀನ್ ನಿಂತ್ರ ಮತ್ತ ನನ್ನನ್ನ ಕರಿಯಬೇಕು, ನನ್ನ ಮುಖ ನೋಡಬೇಕು. ನಿಮಗ ನನ್ನಿಂದ ಏನೂ ಆಗಬೇಕಾಗಿಲ್ಲ ಅನ್ನೋ ಹಂಗ ಆಗಲಿ, ಆಮ್ಯಾಲೆ ಕೇಳೋಣ ಅಂತ ತಡದೆ. ಫೋನ್ ಮಾಡಿದೆ. ನೀವು ಮಶೀನ್ ಛಲೋ ಅದ ಅಂತ ಇಟ್ಟುಬಿಟ್ರಿ... ಅದೇ ನಿಮ್ಮ ಉತ್ತರ ಅಂತ ತಿಳಕೊಂಡೆ.”

 ಇಷ್ಟು ತಿಂಗಳು ಶ್ರೀವಿದ್ಯಾ ಯಾವುದನ್ನು ತಿರಸ್ಕಾರ ಎಂದುಕೊಂಡು ಅತ್ತಳೋ, ಅದು ಇವನು ತನಗೆ ಕೊಟ್ಟ ಮರ್ಯಾದೆಯಾಗಿತ್ತು.

“ಇಲ್ಲ ಅನ್ನೋದಕ್ಕ ಅಷ್ಟೆಲ್ಲಾ ಅನುಕೂಲ ಮಾಡಿಕೊಟ್ರಿ,” ಎಂದಳು ಮೆಲ್ಲಗೆ. “ಹೂಂ ಅಂತೀನೇನೋ ಅಂತ ಒಮ್ಮೆಯಾದ್ರೂ ಅನಿಸಲಿಲ್ಲೇನು?”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಈಗ ಕೇಳಲೇನ್ರಿ?”

“ಕೇಳ್ರಿ.”

“ನನ್ನ ಲಗ್ನ ಆಗ್ತೀರೇನು?”

ಅವಳು ಹೂಂ ಎಂದು ತಲೆಯಾಡಿಸಿದಳು. ತುಟಿಯಲ್ಲಿ ನಗು, ಕಣ್ಣಲ್ಲಿ ನೀರು. ಎದುರಿಗಿದ್ದ ಸ್ಟೂಲಿನ ಮೇಲೆ ಈಗ ಅವನೂ ಕುಳಿತ.

“ರವಿವಾರ ಅಪ್ಪ ಮನ್ಯಾಗ ಇರ್ತಾರ. ಬರ್ರಿ,” ಎಂದಳು.

“ಅವರ ಮುಂದ ಏನಂತ ಹೇಳ್ಲಿ?”

“ಈಗ ನನಗ ಏನು ಹೇಳಿದ್ರಿ, ಅದನ್ನ.”

“ಅವರಿಗೆ ಹೇಳೋದು ಭಾಳ ಕಠಿಣ.”

“ನನಗ ಹೇಳೋದೂ ಕಠಿಣನ ಇತ್ತಲ್ಲ,” ಎಂದು ಶ್ರೀವಿದ್ಯಾ ಅವನ ಕೈ ಹಿಡಿದಳು. “ಹೇಳಿದ್ರಲ್ಲ.”