ಬಾಯಿಮಟ್ಟ ತುಂಬಿದ ಸೀಸೆ

ತಮಿಳುನಾಡಿನ ಹರೂರಿನಾಚೆಯ ಸಬ್ಬಕ್ಕಿ ಕಾರ್ಖಾನೆ. ಮರಗೆಣಸು ತೊಳೆದ ನೀರು ನಿಲ್ಲುವ ತೊಟ್ಟಿ. ೧೯೯೬ರ ಜನವರಿಯ ಒಂದು ಬೆಳಿಗ್ಗೆ, ಆ ಹುಳಿನಾತದ ನೀರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ ಮುನಿಲಕ್ಷ್ಮಿಯ ಹೆಣ ತೇಲುತ್ತಿತ್ತು.

ದಡದ ಮೇಲೆ ಒಂದು ಸೀಸೆ ನಿಂತಿತ್ತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವಳದೇ ಅಕ್ಷರ. ಬಾಯಿಮಟ್ಟ ನೀರು.

ಸಂಶೋಧನೆಗೆಂದು ವಾರಕ್ಕೊಮ್ಮೆ ನೀರು ಒಯ್ಯುತ್ತಿದ್ದಳು, ಜಾರಿ ಬಿದ್ದಿರಬೇಕು ಎಂದ ಮ್ಯಾನೇಜರ್ ರಾಜಗೋಪಾಲ್. ಇನ್‌ಸ್ಪೆಕ್ಟರ್ ನಾರಾಯಣಪ್ಪ ಹೆಣವನ್ನು ಎತ್ತಿಸಿ ಹೊರಳಿಸಿದ. ಹಿಂದಲೆಯಲ್ಲಿ ಗಾಯವಿತ್ತು.

ಪೆನ್ನಾಗರಂನಿಂದ ಬಂದ ತಾಯಿ ಸಿದ್ದಲಕ್ಷ್ಮಮ್ಮ ಅಳಲಿಲ್ಲ.

"ಜೊತೇಲಿ ಓದೋ ವೇಣುನೇ ಸಾರ್. ಇಬ್ರೂ ಸೇರಿ ಬರ್ಯೋ ಪೇಪರ್‌ನಾಗೆ ಯಾರ ಎಸ್ರು ಮೊದ್ಲು ಅಂತ ಜಗಳ ಆಡಿದ್ದ."

ವೇಣುವನ್ನು ಹಿಡಿದರು. ಜಗಳವನ್ನು ಅವನು ಅಲ್ಲಗಳೆಯಲಿಲ್ಲ.

* * *

ಮರುದಿನ ಅವನನ್ನು ಕೋರ್ಟಿಗೆ ಒಪ್ಪಿಸಬೇಕಿತ್ತು. ನಾರಾಯಣಪ್ಪ ಸೀಸೆಯನ್ನು ಮೇಜಿನ ಮೇಲಿಟ್ಟ. ವೇಣು ಅದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ಅವಳು ತುಂಬಿದ್ದಲ್ಲ ಸಾರ್."

"ಎಂಗೆ ಏಳ್ತೀಯಾ?"

"ಈ ನೀರಲ್ಲಿ ಸೋಪಿನಂಥ ರಸ ಮಾಡೋ ಬ್ಯಾಕ್ಟೀರಿಯಾ ಹುಡುಕ್ತಿದ್ವಿ. ಅವಕ್ಕೆ ಉಸಿರು ಬೇಕು. ಮೇಲೆ ಜಾಗ ಬಿಟ್ಟೇ ತುಂಬ್ತೀವಿ. ಅವಳ ಕೈ ಆ ರೂಢಿ ತಪ್ಪಲ್ಲ. ನನ್ನ ಕೈಯೂ ಅಷ್ಟೇ."

"ಇಂಗೆ ಯಾರು ತುಂಬ್ತಾರೆ?"

"ನೀರಲ್ಲಿ ಆಮ್ಲಜನಕ ಎಷ್ಟೈತೆ ಅಂತ ಅಳೆಯೋಕೆ ಕಳಿಸೋರು. ಒಂದು ಗುಳ್ಳೆನೂ ಉಳೀಬಾರ್ದು."

* * *

ತೊಟ್ಟಿಯ ಬಳಿ ನಾರಾಯಣಪ್ಪ ಖಾಲಿ ಸೀಸೆಯೊಂದನ್ನು ರಾಜಗೋಪಾಲ್‌ಗೆ ಕೊಟ್ಟು, ನೀರು ತುಂಬಿಕೊಡಿ ಎಂದು ತಮಿಳಿನಲ್ಲಿ ಕೇಳಿದ. ಮ್ಯಾನೇಜರ್ ಬಗ್ಗಿದ. ಸೀಸೆಯನ್ನು ಪೂರ್ತಿ ಮುಳುಗಿಸಿ, ನೀರೊಳಗೇ ಮುಚ್ಚಳ ಬಿಗಿದ. ಎತ್ತಿ ತಲೆಕೆಳಗೆ ಮಾಡಿ ಗುಳ್ಳೆ ಇದೆಯೇ ಎಂದು ನೋಡಿದ. ಆರು ವರ್ಷದಿಂದ ತಿಂಗಳು ತಿಂಗಳೂ ಸರ್ಕಾರಿ ಪರೀಕ್ಷೆಗೆ ನೀರು ತುಂಬಿ ಕಳಿಸುತ್ತಿದ್ದವನು ಅವನೇ.

ಇನ್‌ಸ್ಪೆಕ್ಟರ್ ಮೆಲ್ಲನೆ ವಿವರಿಸಿದ. ತೊಟ್ಟಿಯನ್ನು ತಪ್ಪಿಸಿ, ಹೊಲಸು ನೀರನ್ನು ನೇರ ಹಳ್ಳಕ್ಕೆ ಬಿಡುವ ಕಳ್ಳಪೈಪು ಬೇಲಿಯ ಹಿಂದೆ ಸಿಕ್ಕಿತ್ತು. ಪಕ್ಕದ ಕಲ್ಲಿನ ಮೇಲೆ ರಕ್ತವಿತ್ತು. ಮುನಿಲಕ್ಷ್ಮಿ ಪೈಪನ್ನು ಕಂಡಳು, ಅಲ್ಲೇ ಸತ್ತಳು. ನೀರು ಹಿಡಿಯುವಾಗ ತೊಟ್ಟಿಗೆ ಜಾರಿದಳೆಂದು ತೋರಿಸಲು ಅವಳ ಸೀಸೆ ತುಂಬಬೇಕಾಯಿತು. ತುಂಬಿದ್ದು ರೂಢಿಬಿದ್ದ ಕೈ.

ರಾಜಗೋಪಾಲ್ ತನ್ನ ಒದ್ದೆ ಕೈಗಳನ್ನೇ ನೋಡುತ್ತ ನಿಂತ. ಊರಿಗೆಲ್ಲ ಹೇಳುತ್ತೇನೆಂದಳು ಎಂದಷ್ಟೇ ಹೇಳಿದ.

* * *

ಬಿಡುಗಡೆಯಾದ ವೇಣು ಸ್ಟೇಷನ್ನಿನ ಮೆಟ್ಟಿಲಲ್ಲಿ ಕುಳಿತಿದ್ದ ಸಿದ್ದಲಕ್ಷ್ಮಮ್ಮನ ಎದುರು ನಿಂತ. ಅವಳು ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಅವನು ಕುಳಿತ.

"ಆ ಗಬ್ಬು ನೀರ್‌ನಾಗೆ ಏನೋ ಉಡುಕ್ತಿದ್ಳಲ್ಲ," ಎಂದಳು. "ಸಿಕ್ತಾ ಮಗಾ?"

"ಇಲ್ಲಮ್ಮ. ಇನ್ನೂ ನಲವತ್ತು ಸೀಸೆ ನೋಡೋದೈತೆ."

"ನೋಡು," ಎಂದಳು.