ಹೆಬ್ಬೆರಳಿನ ಎರಡು ಅಂಚು

ಮಧ್ಯಾಹ್ನದ ನಿದ್ದೆಯಿಂದ ಎದ್ದ ರಮಿತಾ ಬೆರಳುಗಳಿಗೆ ಮೆತ್ತಿದ್ದ ಮದರಂಗಿಯನ್ನು ಉದುರಿಸಿ, ಹೆಬ್ಬೆರಳು ಒರೆಸಿ, ಫೋನ್ ತೆರೆದಳು. ತೆರೆದವಳು ಚಾಪೆಯ ಮೇಲೆಯೇ ಉಳಿದುಬಿಟ್ಟಳು.

"ನವ್ಯಕ್ಕ, ಇದ್ ಕಾಣಿ."

ಬಣ್ಣ ಹೇಗೆ ಬಂದಿದೆ ಎಂದು ನೋಡಲು ನಾನು ಆಗಷ್ಟೇ ಪಕ್ಕದ ನನ್ನ ಮನೆಯಿಂದ ಬಂದಿದ್ದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು— ನಿಮ್ಮ ಕೋರಿಕೆಯಂತೆ ಅರ್ಜಿಯನ್ನು ಹಿಂಪಡೆಯಲಾಗಿದೆ.

"ನೀನೇ ಒತ್ತಿದ್ಯಾ?"

"ಹ್ಯಾಂಗ್ ಒತ್ತುದ್? ನಾನ್ ಮನ್ಕಂಡಿದ್ದೆ. ಹತ್ತ್ ಬೆರಳಿಗೂ ಮದರಂಗಿ."

ಹೊರಗೆ ಸಣ್ಣ ಮಳೆ. ಹಂಗಾರಕಟ್ಟೆಯ ಹೊಳೆಯಂಚಿನಲ್ಲಿ ದೋಣಿಗೆ ಮೊಳೆ ಬಡಿಯುವ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಇಡೀ ಮನೆ ಇನ್ನೂ ನಿದ್ದೆಯೊಳಗೇ ಇದ್ದಂತೆ ಕಂಡಿತು. ರಮಿತಾ ಮಾತ್ರ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಅವಳು ಬೈಂದೂರಿನ ಒಂದು ಮೀನು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಪೋರ್ಚುಗಲ್ಲಿನ ಬಂದರು ಊರೊಂದರಲ್ಲಿ ಬೈಗೆ, ಅಂದರೆ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಇದೆಯಂತೆ. ಅಲ್ಲಿ ಮೀನಿನ ಗುಣಮಟ್ಟ ನೋಡುವ ಕೆಲಸ ಅವಳಿಗೆ ಸಿಕ್ಕಿತ್ತು. ಆದರೆ ಆ ದೇಶದ ತೆರಿಗೆ ನಂಬರ್ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ. ಕೆಲಸದ ಕರಾರಿಗೆ ಅದು ಬೇಕು, ಬಾಡಿಗೆ ಮನೆಗೆ ಬೇಕು, ಬ್ಯಾಂಕಿಗೂ ಬೇಕು. ಊರಿನಲ್ಲೇ ಕೂತು, ಅಲ್ಲಿನ ಪ್ರತಿನಿಧಿ ಕಚೇರಿಯೊಂದರ ಮೂಲಕ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಬ್ರಹ್ಮಾವರದಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿರುವ ಶೈಲೇಶ್ ಪಾಸ್‌ಪೋರ್ಟು, ವಿಳಾಸದ ದಾಖಲೆ, ಸಹಿ ಎಲ್ಲ ಸೇರಿಸಿ ಕಳಿಸಿದ್ದ. ಈ ವಾರ ನಂಬರ್ ಬರಬೇಕಿತ್ತು. ಬರದಿದ್ದರೆ ಕೆಲಸ ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ.

ಶೈಲೇಶ್ ಬಸ್ ಹಿಡಿದು ಬಂದ. ಜಗಲಿಯಲ್ಲಿ ಕೂತು ಫೋನನ್ನು ಅತ್ತಿತ್ತ ಉಜ್ಜಿ ನೋಡಿದ.

"ನನ್ನ ಕಂಪ್ಯೂಟರಿಂದ ಹೋದ್ದಲ್ಲ. ಈ ಫೋನಿಂದ್ಲೇ ಹೋಯಿತ್. ಊಟ ಆದ್ಮೇಲೆ."

"ಈಗ ಎಂತ ಮಾಡುದ್?" ರಮಿತಾಳ ದನಿ ಸಣ್ಣದಾಗಿತ್ತು.

"ಅಲ್ಲಿನ ಕಚೇರಿಯವ್ರ್ ಕೇಂತಿದ್ರ್— ಒತ್ತಿದ್ ಯಾರ್ ಹೇಳಿ. ಮನೆಯವ್ರಾದ್ರೆ ಯಾರು, ಯಾಕೆ ಅಂತ ಬರೆದ್ರೆ ಅರ್ಜಿ ಮತ್ತೆ ತೆರಿತ್ರ್. ಗೊತ್ತಿಲ್ದಿದ್ ಜನ ಫೋನ್ ಮುಟ್ಟಿದ್ರೆ ಫೈಲ್ ಬಂದ್. ಹೊಸ್ತಾಯಿ ಹಾಕ್ಕ್. ತಿಂಗಳೇ ಹಿಡಿಗ್."

ನಾನು ಸುಗಂಧಿಯಕ್ಕನಿಗೆ ಫೋನ್ ಮಾಡಿದೆ. ಬೈಂದೂರು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದವರು ಅವರು. ನಮ್ಮ ಬೀದಿಯಲ್ಲಿ ಓಲೆ ಕಳೆದರೂ ದನ ಕಳೆದರೂ ಮೊದಲು ಅವರಿಗೇ ಹೇಳುವುದು ರೂಢಿ. ನಾನು ಒಲೆಯ ಮೇಲಿನ ಅನ್ನ ಬಸಿದು ವಾಪಸ್ ಬರುವಷ್ಟರಲ್ಲಿ ಅವರು ಚಾಪೆಯ ಬದಿಗೆ ಕುಳಿತಿದ್ದರು.

ಎಲ್ಲರೂ ಫೋನು ನೋಡುತ್ತಿದ್ದರೆ ಅವರು ರಮಿತಾಳ ಕೈ ಹಿಡಿದು ನೋಡುತ್ತಿದ್ದರು.

"ಮದರಂಗಿ ಹಚ್ಚಿದ್ ಯಾರ್?"

"ನಾನೇ," ಎಂದೆ. "ಎಲೆ ಮಿಕ್ಸಿಗೆ ಹಾಕಿ, ಪೊರಕೆಯ ಹಿಡಿಕಡ್ಡಿಯಿಂದ ಹಚ್ಚಿದ್ದ್. ಆಸಾಡಿ ತಿಂಗಳ್ ಅಲ್ದಾ, ಮದರಂಗಿ ಹಚ್ಚು ಕಾಲ, ಅಕ್ಕ–ತಂಗಿ ಇಬ್ರಿಗೂ ಹಚ್ಚಿ ಮಲಗ್ಸಿ ಹೋದೆ."

"ಫೋನಿನ ಪಿನ್ ಯಾರಿಗ್ ಗೊತ್ತಿತ್ತ್, ರಮಿತಾ?"

"ನಂಗ್ ಒಬ್ಳಿಗೇ."

"ಬೆರಳು?"

"ಬಲಗೈ ಹೆಬ್ಬೆರಳು ಮಾತ್ರ."

"ಅರ್ಜಿ ರದ್ದು ಮಾಡುವ ಗುಂಡಿ ಎಲ್ಲಿತ್ತು ಅಂತ ಮನೆಯವ್ರಿಗೆ ಗೊತ್ತಾ?"

ಶೈಲೇಶ್ ತಲೆ ಕೆರೆದುಕೊಂಡ. "ನಾನೇ ತೋರ್ಸಿದ್ದೆ ಅಕ್ಕ. ಇದೇ ಜಗಲಿಯಂಗೆ ಕೂತ್ಕಂಡ್. ಈ ಕೆಂಪು ಮುಟ್ಬ್ಯಾಡಿ, ಮುಟ್ಟಿದ್ರೆ ಎಲ್ಲ ಹೋತ್ ಅಂದಿದ್ದೆ. ಎಲ್ರೂ ಇದ್ದಿದ್ರ್."

"ಕಳ್ಳನಿಗೆ ಬೀಗದ ಕೈ ತೋರ್ಸಿ ಬಂದಂಗ್ ಆಯ್ತಲ್ಲ ಮಾರಾಯ."

ಸುಗಂಧಿಯಕ್ಕ ರಮಿತಾಳ ತಂಗಿ ಸುರಕ್ಷಾಳ ಕಡೆ ತಿರುಗಿದರು. ಅವಳ ಬೆರಳುಗಳ ಮದರಂಗಿ ಇನ್ನೂ ಒಣಗಿ ಟೊಪ್ಪಿಯ ಹಾಗೆ ಕೂತಿತ್ತು.

"ಇದೇ ಕೆಲಸಕ್ಕೆ ನೀನೂ ಇಂಟರ್‌ವ್ಯೂ ಕೊಟ್ಟಿದ್ಯಂತೆ?"

"ಕೊಟ್ಟಿದ್ದೆ. ಸಿಕ್ಲಿಲ್ಲ. ಸಿಟ್ಟೂ ಬಂದಿತ್ತ್." ಸುರಕ್ಷಾ ಎರಡು ಕೈಯನ್ನೂ ಮುಂದೆ ಚಾಚಿದಳು. "ಆದ್ರೆ ಈ ಕೈಯಂಗೆ ಎಂತ ಮಾಡುದ್? ಮೂಗು ತುರ್ಸಿದ್ರೂ ಅಬ್ಬಿಯನ್ನೇ ಕರ್ದದ್ದ್."

"ಅಬ್ಬಿ ಬಂದ್ರಾ?"

"ಬಂದ್ ತುರ್ಸಿ ಹೋದ್ರ್. ಆಮೇಲೆ ನಿದ್ದಿ."

ಅವರ ಅಬ್ಬಿ, ತಾಯಿ ಕುಸುಮಾವತಿ, ಚಹಾ ತಂದಿಟ್ಟರು. ಮಕ್ಕಳಿಬ್ಬರನ್ನೂ ಒಬ್ಬರೇ ಸಾಕಿದವರು. ಕೈಗೆ ಬಳೆ ಬಿಟ್ಟರೆ ಬೇರೆ ಅಲಂಕಾರವಿಲ್ಲ. ಸುಗಂಧಿಯಕ್ಕ ಚಹಾದ ಲೋಟ ತೆಗೆದುಕೊಳ್ಳುವಾಗ ಅವರ ಬೆರಳುಗಳನ್ನೂ ನೋಡಿದರು. ಬೆರಳು ತೊಳೆದು ತೊಳೆದು ಬೆಳ್ಳಗಾಗಿತ್ತು.

"ನೀವು ಎಂತ ಕಂಡ್ರಿ, ಕುಸುಮಕ್ಕ?"

"ನಾನ್ ಹಿಂದ್ಗಡೆ ಪಾತ್ರೆ ತೊಳೀತಿದ್ದೆ. ಹಿತ್ಲ ಬಾಗ್ಲ್ ತೆರ್ದೇ ಇದ್ದಿತ್. ನಂಗೆ ಈ ಫೋನಿನ ಸಂಗತಿ ಗೊತ್ತಾತಿಲ್ಲ."

ಸುಗಂಧಿಯಕ್ಕ ಚಹಾ ಪೂರ್ತಿ ಕುಡಿದು ಎದ್ದರು. "ಶೈಲೇಶ, ನಾಳೆ ಬೆಳಿಗ್ಗೆ ತನಕ ಅವ್ರಿಗೆ ಉತ್ತರ ಬರೀಬ್ಯಾಡ. ಇವತ್ತ್ ಎಲ್ರೂ ಉಂಡ್ ಮಲಕ್ಕಣಿ."

"ನಾಳೆ ಎಂತ ಗೊತ್ತಾತ್ತ್?" ಎಂದೆ.

"ಇವತ್ತ್ ಕಾಣದಿದ್ದದ್ ನಾಳೆ ಕಾಂತ್."

ಆ ಸಂಜೆ ಪೂರ್ತಿ ನನಗೆ ಅದೇ ಯೋಚನೆ. ಮಗನ ತಲೆ ಬಾಚುವಾಗಲೂ, ಅಕ್ಕಿ ಆರಿಸುವಾಗಲೂ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತಿತ್ತು. ಕಿಟಕಿಯಿಂದ ಇಳಿದ ಬೂದು ಬೆಳಕು. ನೀರಿನಡಿಯಲ್ಲಿ ಮಲಗಿದವರಂತೆ ಕೈ ಅಗಲಿಸಿ ಮಲಗಿದ ಇಬ್ಬರು ಹುಡುಗಿಯರು. ಆ ನಿದ್ದೆಯೊಳಗೆ ಸದ್ದಿಲ್ಲದೆ ನಡೆದು ಬಂದವರು ಯಾರು? ಹಿತ್ತಿಲ ಬಾಗಿಲಿನಿಂದ ಬಂದ ಅಪರಿಚಿತನೇ? ಮಲಗಿದಂತೆ ನಟಿಸಿದ ತಂಗಿಯೇ? ತನ್ನ ಸೆಂಟರಿನಿಂದಲೇ ಏನೋ ಮಾಡಿ ಈಗ ಅಮಾಯಕನಾಗಿ ಕೂತ ಶೈಲೇಶನೇ?

ಬೆಳಿಗ್ಗೆ ಮಳೆ ನಿಂತಿತ್ತು. ಎಲ್ಲರೂ ಜಗಲಿಯಲ್ಲಿ ಸೇರಿದೆವು. ರಮಿತಾ ರಾತ್ರಿ ನಿದ್ದೆ ಮಾಡಿರಲಿಲ್ಲ. ಅವಳ ಬೆರಳುಗಳ ಬಣ್ಣ ಮಾತ್ರ ಹಣ್ಣಾದ ಕೋಕಂನಂತೆ ಕಪ್ಪುಗೆಂಪಾಗಿತ್ತು.

ಸುಗಂಧಿಯಕ್ಕ ಅವಳ ಬಲಗೈ ಎತ್ತಿ ನನಗೆ ತೋರಿಸಿದರು. "ನವ್ಯಾ, ಉಳಿದ ಬೆರಳು ಕಾಣ್. ಆಮೇಲೆ ಹೆಬ್ಬೆರಳು ಕಾಣ್."

ನೋಡಿದೆ. ಎಲ್ಲ ಬೆರಳಲ್ಲೂ ಬಣ್ಣ ಒಂದೇ ಗೆರೆಗೆ ನಿಂತಿತ್ತು. ಹೆಬ್ಬೆರಳಿನಲ್ಲಿ ಎರಡು ಗೆರೆ. ಒಂದು ಅಂಚು ತಿಳಿ ಕೇಸರಿ, ಅದರ ಕೆಳಗೆ ಇನ್ನೊಂದು ಕಡುಗೆಂಪು.

"ಒಮ್ಮೆ ತೆಗೆದು, ಮತ್ತೆ ಹಚ್ಚಿದ್ದಾರೆ," ಎಂದೆ.

"ನಿನ್ನೆಯೇ ಕಂಡಿದ್ದೆ. ಯಾರೋ ಬೆರಳಿನ ಮದರಂಗಿ ತೆಗೆದ್ರು, ಒರೆಸಿದ್ರು, ಫೋನಿಗೆ ಒತ್ತಿದ್ರು. ಅಲ್ಲಿಗೆ ಕೆಲಸ ಮುಗೀತು. ಕಳ್ಳನಾದ್ರೆ ಅಷ್ಟಕ್ಕೇ ಹೋತಿದ್ದ. ನಿದ್ದೆಯಂಗೆ ಒಂದ್ ಬೆರಳಿಂದ್ ಉದುರಿ ಬಿದ್ದಿತ್ ಅಂತ ಎಲ್ರೂ ಅಂದ್ಕಂತಿದ್ರ್. ಯಾರಿಗೂ ಅನುಮಾನ ಬತ್ತಿರ್ಲಿಲ್ಲ. ಆದ್ರೆ ಈ ಜನಕ್ಕೆ ಹಾಂಗೆ ಬಿಟ್ಟ್ ಹೋಪುಕೆ ಮನ್ಸ್ ಬರ್ಲಿಲ್ಲ. ಪರದೇಶಕ್ಕೆ ಹೋಪು ಹೆಣ್ಣು, ಒಂದ್ ಬೆರಳ್ ಬೋಳಾತ್ತಲ್ಲ ಅಂತ ಮಿಕ್ಕಿದ್ ಮದರಂಗಿ ತಂದ್ ಮತ್ತೆ ಮೆತ್ತಿದ್ರ್."

ಸುಗಂಧಿಯಕ್ಕ ರಮಿತಾಳ ಕೈ ಕೆಳಗಿಟ್ಟು ಮುಂದುವರಿಸಿದರು.

"ನವ್ಯಾ ಹಚ್ಚಿದ್ದು ಕಡ್ಡಿಯಿಂದ. ಸುರಕ್ಷಾಳ ಟೊಪ್ಪಿ ಒಂದೂ ಅಲುಗಿರ್ಲಿಲ್ಲ. ಈ ಜನ ಬರಿಗೈಯಲ್ಲಿ ಮೆತ್ತಿದ್ರು. ಕೂಡ್ಲೆ ತೊಳೆದ್ರು. ತೊಳೆದ್ರೂ ಮದರಂಗಿ ಬಿಡ್ತಿಲ್ಲ, ಮಾರನೇ ದಿನ ಮೇಲೆ ಬತ್ತ್. ಅದಕ್ಕೇ ಕಾದದ್ದ್." ಸುಗಂಧಿಯಕ್ಕನ ದನಿ ಮೆತ್ತಗಾಯಿತು. "ಕುಸುಮಕ್ಕ, ಸೆರಗಿನಡಿಯಿಂದ ಕೈ ತೆಗೀನಿ."

ಕುಸುಮಾವತಿ ತೆಗೆದರು. ಹೆಬ್ಬೆರಳು, ತೋರುಬೆರಳು. ಎರಡರ ತುದಿಯಲ್ಲೂ ಸುಟ್ಟ ಇಟ್ಟಿಗೆಯ ಬಣ್ಣ. ಗಂಡ ಬೊಂಬಾಯಿ ಸೇರಿ ಬಾರದೇ ಹೋದ ಮೇಲೆ ಆ ಕೈಗೆ ಬಣ್ಣ ತಾಗಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

"ಅಬ್ಬೀ?" ಎಂದಳು ರಮಿತಾ. "ನಾನ್ ಹೋಪುದ್ ಬ್ಯಾಡ ಅಂತಿದ್ರೆ ಹೇಳುಕಾಗ್ದಾ?"

"ಹೋಪುದ್ ಬ್ಯಾಡ ಅಂತ ಅಲ್ಲ ಮಗಾ. ಉಪ್ಪಿನಕಾಯಿ ಕಟ್ಟಿ ಇಟ್ಟಿದ್ದೆ." ಅವರು ನೆಲ ನೋಡುತ್ತಲೇ ಹೇಳಿದರು. "ಆ ನಂಬರ್ ಒಮ್ಮೆ ಕೊಟ್ರೆ ಸಾಯುವ ತನಕ ಅದೇ ಅಂದ ಶೈಲೇಶ. ನಿನ್ನ ಅಪ್ಪಯ್ಯ ಬೊಂಬಾಯಿಗೆ ಹೋದಾಗ ಇಲ್ಲಿನ ರೇಷನ್ ಕಾರ್ಡಿಂದ ಹೆಸರು ತೆಗ್ಸಿ ಅಲ್ಲಿ ಸೇರ್ಸಿದ್ರ್. ಇಲ್ಲಿ ತೆಗ್ಸದೆ ಅಲ್ಲಿ ಸೇರ್ಸುಕೆ ಆತಿಲ್ಲ ಅಂದ್ರ್. ನಾನೇ ಹೋಯಿ ತೆಗ್ಸಿ ಬಂದದ್ದ್. ಹೆಸರು ಹೋದ್ಮೇಲೆ ಜನವೂ ಬರ್ಲಿಲ್ಲ. ನೀನು ಹೋಯಿ ದುಡಿ, ಬಾ. ಲೆಕ್ಕ ಮಾತ್ರ ಈ ಮನಿದೇ ಇರ್ಲಿ ಅಂತ..."

ಸುಗಂಧಿಯಕ್ಕ ಅವರ ಪಕ್ಕಕ್ಕೆ ಸರಿದು ಕುಳಿತರು. "ಅದು ನಮ್ಮ ಪಾನ್ ನಂಬರ್ ಇದ್ದಂಗೆ, ಕುಸುಮಕ್ಕ. ತೆರಿಗೆಗೆ ಮಾತ್ರ. ಅದಕ್ಕಾಗಿ ಇಲ್ಲಿ ಯಾರ ಹೆಸರೂ ತೆಗೀತಿಲ್ಲ."

"ಅಷ್ಟೇ ಅಲ್ಲ," ಎಂದ ಶೈಲೇಶ್. "ಅಲ್ಲಿಗೆ ಹೋಯಿ ಮನಿ ಮಾಡುವ ತನಕ ಆ ನಂಬರಿನ ಬದಿಗೆ ಅವ್ರು ಬರ್ಕಂಬುದು ಈ ಮನಿ ವಿಳಾಸವನ್ನೇ. ನಿಮ್ಮ ಮನಿ ಹೆಸರು ಪೋರ್ಚುಗಲ್ ಸರ್ಕಾರದ ಕಂಪ್ಯೂಟರಂಗೆ ಇರತ್ತ್, ಗೊತ್ತಿತಾ?"

ರಮಿತಾ ಫೋನ್ ತೆರೆದು ಉತ್ತರ ಬರೆಯತೊಡಗಿದಳು. ಯಾರು ಒತ್ತಿದ್ದು ಎಂಬಲ್ಲಿ ಬೆರಳು ನಿಂತಿತು.

"ನನ್ನ ಹೆಸರೇ ಬರಿ," ಎಂದರು ಕುಸುಮಾವತಿ. "ಗೊತ್ತಿಲ್ದೆ ಮಾಡಿದ್ದ್ ಅಂತ್ಲೂ ಬರಿ."

ಮಧ್ಯಾಹ್ನ ದಾಟಿದ ಮೇಲೆ, ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ, ಉತ್ತರ ಬಂತು. ಅರ್ಜಿ ಮತ್ತೆ ತೆರೆದಿತ್ತು. ವಿಳಾಸವನ್ನು ಇನ್ನೊಮ್ಮೆ ಖಚಿತಪಡಿಸಬೇಕು ಅಷ್ಟೇ.

ಕುಸುಮಾವತಿ ಕಂಬಕ್ಕೆ ಒರಗಿ ತಾವೇ ಹೇಳತೊಡಗಿದರು. ಮನೆಯ ಹೆಸರು. ಹಂಗಾರಕಟ್ಟೆ. ಬ್ರಹ್ಮಾವರ ತಾಲೂಕು. ಅಲ್ಲಿಗೆ ಮುಗಿಯಿತು ಎಂದು ರಮಿತಾ ಬೆರಳೆತ್ತಿದಳು.

"ತಡಿ. ದೋಣಿ ಕಟ್ಟು ಜಾಗದಿಂದ ಎಡಕ್ಕೆ, ಬಾವಿ ದಾಟಿ ಎರಡನೇ ಮನಿ. ಅದೂ ಬರಿ."

"ಅದೆಲ್ಲ ಅವ್ರಿಗೆ ಬ್ಯಾಡ ಅಬ್ಬಿ," ಎಂದಳು ಸುರಕ್ಷಾ.

ರಮಿತಾ ಅದನ್ನೂ ಬರೆದಳು.